ನಡುಗುವ ಕೈ, ನಿಧಾನವಾಗುವ ಕಾಲು: ಪಾರ್ಕಿನ್ಸನ್ ಕಾಯಿಲೆಯ ಗುರುತು ಮತ್ತು ಚಿಕಿತ್ಸೆ

ನಮ್ಮ ಸಾಂಕೋಲೆಯ ಜುವಾರಿನಗರವನ್ನು ಜನ ಇಂದಿಗೂ ‘ಬಿರ್ಲಾ’ ಎಂದೇ ಕರೆಯುತ್ತಾರೆ. 1970ರ ದಶಕದಲ್ಲಿ ಇಲ್ಲಿ ರಸಗೊಬ್ಬರದ ಕಾರ್ಖಾನೆ ಶುರುವಾದ ಮೇಲೆ ಬಿಜಾಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ನಮ್ಮ ಜನ ದುಡಿಮೆ ಹುಡುಕಿಕೊಂಡು ಬಂದರು. ಅಂದು ಇಪ್ಪತ್ತರ ಹರೆಯದಲ್ಲಿ ಬಂದು ಗಾರೆ ಕಲಸಿದವರು, ಚೀಲ ಹೊತ್ತವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅಂದರೆ, ಇದುವರೆಗೆ ನಮ್ಮ ಓಣಿಗಳಲ್ಲಿ ಅಷ್ಟಾಗಿ ಕಾಣದಿದ್ದ ಇಳಿವಯಸ್ಸಿನ ಕಾಯಿಲೆಗಳು ಇನ್ನು ಮುಂದೆ ಹೆಚ್ಚಾಗಿ ಕಾಣಲಿವೆ. ಅಂಥದೊಂದು ಕಾಯಿಲೆ ಪಾರ್ಕಿನ್ಸನ್. ಅದನ್ನು ಹೇಗೆ ಗುರುತಿಸಬೇಕು, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಉದಾಹರಣೆ. ಒಬ್ಬ ಗೌಂಡಿ ಇದ್ದಾನೆ ಎಂದುಕೊಳ್ಳಿ. ವಯಸ್ಸು ಅರವತ್ತೆರಡು. ಕರಣಿ ಹಿಡಿಯುವ ಬಲಗೈ ಮೊದಲಿನಂತೆ ಓಡುವುದಿಲ್ಲ. ಸುಮ್ಮನೆ ಕುಳಿತಾಗ ಹೆಬ್ಬೆರಳು ತೋರುಬೆರಳು ಬೀಡಿ ಸುತ್ತುವವರ ಹಾಗೆ ತಾನಾಗಿಯೇ ಆಡುತ್ತಿರುತ್ತವೆ. ಮುಕಾದಮ ನೋಡಿ, “ಮುಂಜಾನೇನ ಏರಿಸ್ಕೊಂಡು ಬಂದಾನ” ಎಂದು ಕೆಲಸದಿಂದ ಬಿಡಿಸುತ್ತಾನೆ. ಗೋವಾದಲ್ಲಿ ಕೈ ನಡುಗುವವನನ್ನು ಕಂಡರೆ ಜನಕ್ಕೆ ಮೊದಲು ಹೊಳೆಯುವುದು ದಾರು. ಮನೆಯವರು, “ವಯಸ್ಸಾತು, ಅರವತ್ತಕ್ಕ ಅರಳು ಮರಳು” ಎನ್ನುತ್ತಾರೆ. ಹೀಗೆ ಕುಡುಕನೆಂಬ ಹೆಸರೂ ಬಂತು, ಕೂಲಿಯೂ ಹೋಯಿತು. ಮುದುಕನೆಂದು ಮೂಲೆಗೆ ಕೂಡಿಸಿದ್ದೂ ಆಯಿತು. ಆದರೆ ಅವನಿಗೆ ಇರುವುದು ಮಾತ್ರೆಗೆ ಒಗ್ಗುವ ಒಂದು ಕಾಯಿಲೆ. ಗುರುತು ಹಿಡಿಯದೆ ಕಳೆದ ಎರಡು ಮೂರು ವರ್ಷವನ್ನು ಆಮೇಲೆ ಯಾರೂ ತಿರುಗಿ ಕೊಡಲಾರರು. ಆದ್ದರಿಂದಲೇ ಗುರುತಿನ ಮಾತು ಮೊದಲು.

ಈ ಕಾಯಿಲೆಗೆ ಹೆಸರು ಬಂದದ್ದು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನಿಂದ. 1817ರಲ್ಲಿ ಆತ ಆರು ಜನರನ್ನು ಗಮನಿಸಿ ‘ನಡುಗುವ ಪಾರ್ಶ್ವವಾಯು’ ಎಂದು ಒಂದು ಚಿಕ್ಕ ಪುಸ್ತಕ ಬರೆದ. ಆ ಆರು ಜನರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ನಡೆಯುವಾಗಲೇ ಕಂಡದ್ದು. ಇದನ್ನು ನೀವು ನೆನಪಿಟ್ಟುಕೊಳ್ಳಿ. ಈ ಕಾಯಿಲೆಯನ್ನು ಹಿಡಿಯಲು ಮೊದಲು ಬೇಕಾದದ್ದು ನೋಡುವ ಕಣ್ಣು, ಯಂತ್ರ ಆಮೇಲಿನದು. ಆತ ಹುಟ್ಟಿದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್ಸನ್ ದಿನ ಎಂದು ಆಚರಿಸುತ್ತಾರೆ. ನಮ್ಮ ಆಯುರ್ವೇದದವರು ಇಂಥ ನಡುಕಕ್ಕೆ ಕಂಪವಾತ ಎಂದು ಬಹಳ ಹಿಂದೆಯೇ ಹೆಸರಿಟ್ಟಿದ್ದರು.

ಇದು ದೊಡ್ಡವರು ಸಣ್ಣವರು ಎಂದು ನೋಡುವ ಕಾಯಿಲೆಯಲ್ಲ. ಜಗತ್ತನ್ನೇ ಗೆದ್ದ ಮುಷ್ಟಿಯುದ್ಧದ ಮಹಮ್ಮದ್ ಅಲಿಗೆ 1984ರಲ್ಲಿ ಇದು ಇದೆಯೆಂದು ಗೊತ್ತಾಯಿತು. ನಮ್ಮೂರಿನ ಗುಡಿಯಲ್ಲಿ ಪೂಜೆಗೊಳ್ಳುವ ಸಂತ ಜೋಸೆಫ್ ವಾಜ್‌ರನ್ನು 1995ರಲ್ಲಿ ಕೊಲಂಬೊದಲ್ಲಿ ಪುಣ್ಯವಂತರೆಂದು ಸಾರಿದವರು ಪೋಪ್ ಎರಡನೆಯ ಜಾನ್ ಪಾಲ್. ಅವರ ಕೈ ನಡುಗುವುದನ್ನು, ಮುಖ ಬಿಗಿದುಕೊಂಡದ್ದನ್ನು, ಮಾತು ಕ್ಷೀಣಿಸಿದ್ದನ್ನು ಲೋಕವೆಲ್ಲ ಟಿ.ವಿ.ಯಲ್ಲಿ ಕಂಡಿತು. ಅದು ಪಾರ್ಕಿನ್ಸನ್ ಕಾಯಿಲೆಯೇ ಆಗಿತ್ತು. ಅದನ್ನು ಹೊತ್ತುಕೊಂಡೇ ಅವರು 2005ರವರೆಗೆ ಕೆಲಸ ಮಾಡಿದರು.

ಇನ್ನು ಒಳಗೆ ಏನಾಗುತ್ತದೆ ಎಂಬ ವಿಷಯ. ನಮ್ಮ ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಭಾಗ ಇದೆ. ಅಲ್ಲಿಯ ಜೀವಕೋಶಗಳು ಡೋಪಮಿನ್ ಎಂಬ ರಸವನ್ನು ತಯಾರಿಸುತ್ತವೆ. ಕೈ ಎತ್ತಬೇಕು, ಹೆಜ್ಜೆ ಇಡಬೇಕು ಎಂದು ನಾವು ಅಂದುಕೊಂಡದ್ದು ಸಲೀಸಾಗಿ ನಡೆಯುವುದು ಈ ರಸದಿಂದ. ಆ ಜೀವಕೋಶಗಳು ಒಂದೊಂದಾಗಿ ಸಾಯತೊಡಗಿದರೆ ರಸ ಕಡಿಮೆಯಾಗುತ್ತದೆ. ಕೈಕಾಲಿನಲ್ಲಿ ಶಕ್ತಿ ಇರುತ್ತದೆ, ಆದರೆ ಅಪ್ಪಣೆ ತಡವಾಗಿ ತಲುಪುತ್ತದೆ. ಕಷ್ಟವೆಂದರೆ, ಮೆದುಳು ಬಹಳ ದಿನ ಈ ಕೊರತೆಯನ್ನು ಹೇಗೋ ತೂಗಿಸಿಕೊಂಡು ಹೋಗುತ್ತದೆ. ಹೊರಗೆ ನಡುಕ ಕಾಣುವ ಹೊತ್ತಿಗೆ ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು ಜೀವಕೋಶಗಳು ಹೋಗಿರುತ್ತವೆ.

ಏಕೆ ಸಾಯುತ್ತವೆ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ವಯಸ್ಸು ದೊಡ್ಡ ಕಾರಣ. ಹೆಂಗಸರಿಗಿಂತ ಗಂಡಸರಲ್ಲಿ ಸ್ವಲ್ಪ ಹೆಚ್ಚು. ಕೆಲವು ಮನೆತನಗಳಲ್ಲಿ ವಂಶದ ಪಾಲೂ ಇದೆ, ಆದರೆ ಹೆಚ್ಚಿನವರಿಗೆ ಹಾಗಿಲ್ಲ. ಪ್ಯಾರಾಕ್ವಾಟ್‌ನಂಥ ಕಳೆನಾಶಕ, ಕೀಟನಾಶಕಗಳ ನಡುವೆ ವರ್ಷಗಟ್ಟಲೆ ದುಡಿದವರಲ್ಲಿ ಇದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಊರಿನಲ್ಲಿ ಹೊಲ ಇರುವವರು ಬರಿಗೈಯಲ್ಲಿ ಎಣ್ಣೆ ಹೊಡೆಯಬಾರದು ಎಂಬುದಕ್ಕೆ ಇದೂ ಒಂದು ಕಾರಣ. ಇದು ಅಂಟುರೋಗವಲ್ಲ. ಒಂದೇ ತಾಟಿನಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಯಾರ ಶಾಪವೂ ಅಲ್ಲ, ಮಾಟವೂ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆಮನೆ ಸಮೀಕ್ಷೆ ಮಾಡಿ 2004ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿ ಲಕ್ಷ ಜನಕ್ಕೆ ಸುಮಾರು 33 ಮಂದಿಗೆ ಈ ಕಾಯಿಲೆ ಕಂಡುಬಂತು. ಇದು ಮಕ್ಕಳು ಮರಿ ಎಲ್ಲರನ್ನೂ ಸೇರಿಸಿದ ಲೆಕ್ಕ. ಮುದುಕರನ್ನಷ್ಟೇ ಎಣಿಸಿದರೆ ಪ್ರಮಾಣ ಬೇರೆಯೇ. ಲೋಕದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ, ಅರವತ್ತು ದಾಟಿದ ನೂರು ಜನರಲ್ಲಿ ಒಬ್ಬರಿಗೆ ಎಂದು. ಅಪರೂಪಕ್ಕೆ ನಲವತ್ತರ ಒಳಗಿನವರಿಗೂ ಬರುತ್ತದೆ.

ಈಗ ಗುರುತುಗಳಿಗೆ ಬರೋಣ. ಮುಖ್ಯ ಗುರುತು ನಾಲ್ಕು.

ಒಂದು, ನಿಧಾನ. ಇದು ಇಲ್ಲದೆ ಪಾರ್ಕಿನ್ಸನ್ ಇಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ರೊಟ್ಟಿ ಬಡಿಯುವ ತಾಯಿಯ ಕೈ ತಾಳ ತಪ್ಪುತ್ತದೆ, ಬಡಿತ ಬರಬರುತ್ತ ಸಣ್ಣದಾಗುತ್ತದೆ. ನಡೆಯುವಾಗ ಒಂದು ಕೈ ಬೀಸುವುದೇ ಇಲ್ಲ, ಮೈಗೆ ಅಂಟಿಕೊಂಡಂತೆ ಇರುತ್ತದೆ.

ಎರಡು, ನಡುಕ. ಇದು ಸಾಮಾನ್ಯವಾಗಿ ಒಂದೇ ಕಡೆಯಿಂದ ಶುರುವಾಗುತ್ತದೆ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತದೆ, ಏನಾದರೂ ಹಿಡಿದಾಗ ಕಡಿಮೆಯಾಗುತ್ತದೆ, ನಿದ್ದೆಯಲ್ಲಿ ನಿಲ್ಲುತ್ತದೆ. ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನಡುಕ ಇರುವುದೇ ಇಲ್ಲ. ನಡುಕ ಇಲ್ಲದ್ದರಿಂದ ಈ ಕಾಯಿಲೆ ಅಲ್ಲ ಎಂದು ತೀರ್ಮಾನಿಸಬೇಡಿ.

ಮೂರು, ಬಿಗಿತ. ಬೇರೆಯವರು ಕೈ ಹಿಡಿದು ಮಡಚಿ ಬಿಡಿಸಿದರೆ ಬಿಗಿಯಾಗಿರುತ್ತದೆ. ಎಷ್ಟೋ ಜನ ಮೊದಲು ಹೆಗಲು ನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತ ವರ್ಷ ಕಳೆಯುತ್ತಾರೆ.

ನಾಲ್ಕು, ತೋಲ ತಪ್ಪುವುದು. ತಿರುಗುವಾಗ ನಾಲ್ಕಾರು ಪುಟ್ಟ ಹೆಜ್ಜೆ ಬೇಕಾಗುತ್ತದೆ, ಬೀಳುವ ಭಯ ಇರುತ್ತದೆ. ಇದು ಸಾಮಾನ್ಯವಾಗಿ ತಡವಾಗಿ ಬರುವ ಗುರುತು. ಕಾಯಿಲೆಯ ಮೊದಲ ವರ್ಷದಲ್ಲೇ ಮೇಲಿಂದ ಮೇಲೆ ಬೀಳುತ್ತಿದ್ದರೆ ಬೇರೆ ಕಾಯಿಲೆಯೂ ಇರಬಹುದು, ವೈದ್ಯರಿಗೆ ತಿಳಿಸಿ.

ಇವಲ್ಲದೆ ಸದ್ದಿಲ್ಲದ ಗುರುತುಗಳೂ ಇವೆ. ಇವು ಕೆಲವೊಮ್ಮೆ ನಡುಕಕ್ಕಿಂತ ಹಲವು ವರ್ಷ ಮೊದಲೇ ಬರುತ್ತವೆ. ಒಗ್ಗರಣೆಯ ಘಮ, ಪಕ್ಕದ ಮನೆಯಲ್ಲಿ ಒಣಮೀನು ಸುಟ್ಟ ವಾಸನೆ ಮೂಗಿಗೆ ಹತ್ತದಿರುವುದು. ಬಿಡದ ಮಲಬದ್ಧತೆ. ಕನಸಿನಲ್ಲಿ ಕೂಗುವುದು, ಒದೆಯುವುದು, ಪಕ್ಕದಲ್ಲಿ ಮಲಗಿದವರಿಗೆ ಕೈ ಬೀಸುವುದು. ಮನಸ್ಸಿಗೆ ಕಾರಣವಿಲ್ಲದ ಮಂಕು. ಇವುಗಳಲ್ಲಿ ಯಾವುದೋ ಒಂದು ಇದ್ದಮಾತ್ರಕ್ಕೆ ಹೆದರಬೇಕಾಗಿಲ್ಲ, ಮಲಬದ್ಧತೆ ಯಾರಿಗಿಲ್ಲ? ಆದರೆ ಇವುಗಳ ಜೊತೆಗೆ ನಿಧಾನವೂ ಸೇರಿದರೆ ತಡ ಮಾಡಬಾರದು.

ಮುಖದ ವಿಷಯ ಒಂದು ಮಾತು. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ನಿಧಾನವಾಗುವುದರಿಂದ ನಗು, ಸಿಟ್ಟು ಯಾವುದೂ ಮುಖದ ಮೇಲೆ ಕಾಣುವುದಿಲ್ಲ. ದನಿಯೂ ತಗ್ಗುತ್ತದೆ. ಸೊಸೆ ಮಾತಾಡಿಸಿದರೆ ಮಾವ ಮುಖ ಗಂಟುಹಾಕಿಕೊಂಡು ಕೂತಂತೆ ಕಾಣುತ್ತದೆ. ಇದರಿಂದ ಮನೆಯೊಳಗೆ ಸುಮ್ಮಸುಮ್ಮನೆ ಮನಸ್ತಾಪ ಬೆಳೆಯುತ್ತದೆ. ಅದು ಸಿಟ್ಟಲ್ಲ, ಕಾಯಿಲೆ.

ಇನ್ನೊಂದು ಗುರುತನ್ನು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನಾಗಿ ಹೇಳುತ್ತೇನೆ. ಅದು ಸಹಿ. ಈ ಕಾಯಿಲೆ ಬಂದವರ ಅಕ್ಷರ ಬರೆಯುತ್ತ ಹೋದಂತೆ ಚಿಕ್ಕದಾಗುತ್ತದೆ. ಸಹಿಯ ಮೊದಲ ಅಕ್ಷರ ಸರಿಯಾಗಿದ್ದು ಕೊನೆಯ ಅಕ್ಷರ ಇರುವೆಯಷ್ಟಾಗಿರುತ್ತದೆ. ಪಿಂಚಣಿ ತೆಗೆಯಲು ಬಂದ ಹಿರಿಯರ ಸಹಿ ಮಾದರಿ ಸಹಿಗೆ ಹೊಂದಲಿಲ್ಲವೆಂದು ಚೀಟಿ ವಾಪಸು ಬಂದರೆ, ಮನೆಯವರು ಅವರನ್ನು ಗದರಬಾರದು. ಐದು ವರ್ಷ ಹಿಂದಿನ ಒಂದು ಸಹಿಯನ್ನೂ ಇಂದಿನ ಸಹಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ಎರಡು ಕಾಗದಗಳನ್ನು ವೈದ್ಯರಿಗೂ ತೋರಿಸಿ, ಅವು ಅವರಿಗೆ ಬೇಕಾಗುವ ಪುರಾವೆ.

ಕೈ ನಡುಗಿದ್ದೆಲ್ಲ ಪಾರ್ಕಿನ್ಸನ್ ಅಲ್ಲ. ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಚಹಾದ ಕಪ್ಪು ಬಶಿ ಎತ್ತಿದಾಗ, ಚಮಚ ಬಾಯಿಗೆ ಒಯ್ಯುವಾಗ ಎರಡೂ ಕೈ ನಡುಗಿ, ಸುಮ್ಮನಿದ್ದಾಗ ನಿಂತುಹೋದರೆ ಅದು ಹೆಚ್ಚಾಗಿ ಬೇರೆ ಬಗೆಯ ನಡುಕ. ಅದು ಹಲವು ಮನೆತನಗಳಲ್ಲಿ ತಂದೆಯಿಂದ ಮಕ್ಕಳಿಗೆ ಬರುತ್ತದೆ, ತಲೆಯೂ ಅಲ್ಲಾಡಬಹುದು. ಅದರ ಔಷಧಿ ಬೇರೆ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ. ದಿನಾ ಕುಡಿಯುವವನು ಒಮ್ಮೆಗೇ ಬಿಟ್ಟರೂ ನಡುಗುತ್ತದೆ. ಒಂದೇ ಗಳಿಗೆಯಲ್ಲಿ ಕೈಕಾಲು ಬಿದ್ದುಹೋದರೆ, ಬಾಯಿ ಸೊಟ್ಟಾದರೆ ಅದು ಲಕ್ವ. ಆಗ ಯೋಚಿಸುತ್ತ ಕೂಡದೆ 108ಕ್ಕೆ ಫೋನು ಮಾಡಬೇಕು. ಪಾರ್ಕಿನ್ಸನ್ ಎಂದೂ ಹೀಗೆ ಒಂದೇ ದಿನದಲ್ಲಿ ಬರುವುದಿಲ್ಲ, ತಿಂಗಳು ವರ್ಷಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ.

ಬಹಳ ಮುಖ್ಯವಾದ ಇನ್ನೊಂದು ವಿಷಯ, ಮಾತ್ರೆಗಳಿಂದಲೇ ಬರುವ ನಡುಕ. ತಲೆ ತಿರುಗುತ್ತದೆ ಎಂದು ಮೆಡಿಕಲ್ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಫ್ಲುನರಿಜಿನ್, ಪ್ರೊಕ್ಲೋರ್ಪೆರಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಹೊಟ್ಟೆ ಉಬ್ಬರಕ್ಕೆ ಗ್ಯಾಸಿನ ಮಾತ್ರೆಯ ಜೊತೆ ಸೇರಿಸಿರುವ ಲೆವೊಸಲ್ಪಿರೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಇವುಗಳು ಮೆದುಳಿನಲ್ಲಿ ಡೋಪಮಿನ್ ಕೆಲಸ ಮಾಡದಂತೆ ತಡೆಯಬಲ್ಲವು. ಆಗ ಥೇಟ್ ಪಾರ್ಕಿನ್ಸನ್ ಇದ್ದಂತೆಯೇ ಕಾಣುತ್ತದೆ. ವೈದ್ಯರು ಆ ಮಾತ್ರೆಯನ್ನು ನಿಲ್ಲಿಸಿದರೆ ಹೆಚ್ಚಿನವರಿಗೆ ವಾರ ತಿಂಗಳುಗಳಲ್ಲಿ ಗುಣವಾಗುತ್ತದೆ. ಹಾಗೆಂದು ಮಾನಸಿಕ ಕಾಯಿಲೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಪಾಕೀಟುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರ ಮುಂದೆ, ವಕೀಲರ ಮುಂದೆ ಏನನ್ನೂ ಮುಚ್ಚಿಡಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಯಾರಲ್ಲಿಗೆ ಹೋಗಬೇಕು? ಮೊದಲು ಕುಠ್ಠಾಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಚಿಖಲಿಯ ಸರಕಾರಿ ಆಸ್ಪತ್ರೆ. ಅಲ್ಲಿಂದ ಚೀಟಿ ಬರೆಸಿಕೊಂಡು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ನರರೋಗ ವಿಭಾಗ. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ವೈದ್ಯಕೀಯ ಶಾಲೆಯ ಮುಂದುವರಿಕೆ ಈ ಕಾಲೇಜು. ಊರಿಗೆ ಮರಳಿದವರಿಗೆ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರಕಾರಿ ಆಸ್ಪತ್ರೆ ಇದೆ. ಕಠಿಣ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಭಾಷೆ ಬಾರದೆಂದು ಹಿಂಜರಿಯಬೇಡಿ. ಕೊಂಕಣಿ ಮಾತಾಡಬಲ್ಲ ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಆದರೆ ಅವರು ಉತ್ತರ ಹೇಳುವ ಮೊದಲು ರೋಗಿಯ ಮಾತನ್ನು ಪೂರ್ತಿ ಕೇಳಲಿ. ದನಿ ತಗ್ಗಿದೆ, ಮಾತು ನಿಧಾನವಾಗಿದೆ, ಬುದ್ಧಿ ಹೋಗಿಲ್ಲ.

ರಕ್ತ ಪರೀಕ್ಷೆಯಿಂದ ಈ ಕಾಯಿಲೆ ಗೊತ್ತಾಗುವುದಿಲ್ಲ. ವೈದ್ಯರು ಬೆರಳು ಬಡಿಯಲು ಹೇಳುತ್ತಾರೆ, ಮುಷ್ಟಿ ಮಾಡಿ ಬಿಡಿಸಲು ಹೇಳುತ್ತಾರೆ, ನಡೆಸಿ ನೋಡುತ್ತಾರೆ, ಹಿಂದಿನಿಂದ ಮೆಲ್ಲಗೆ ಹೆಗಲು ಜಗ್ಗಿ ನೋಡುತ್ತಾರೆ. ಮೆದುಳಿನ ಸ್ಕ್ಯಾನ್ ಮಾಡಿಸುವುದು ಬೇರೆ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು. ಸ್ಕ್ಯಾನ್ ಸರಿಯಾಗಿದೆ ಎಂದು ವರದಿ ಬಂದರೂ ಪಾರ್ಕಿನ್ಸನ್ ಇರಬಹುದು. ಆದ್ದರಿಂದ “ಸ್ಕ್ಯಾನ್‌ನ್ಯಾಗ ಏನೂ ಬಂದಿಲ್ಲ, ಮತ್ಯಾಕ ಗುಳಿಗಿ?” ಎಂದು ಮಾತ್ರೆ ಬಿಡಬೇಡಿ.

ಈಗ ಚಿಕಿತ್ಸೆ. ಮೊದಲೇ ಹೇಳಿಬಿಡುತ್ತೇನೆ, ಈ ಕಾಯಿಲೆಯನ್ನು ಬುಡಸಮೇತ ಕೀಳುವ ಔಷಧಿ ಇಂದಿಗೂ ಇಲ್ಲ. ಮೂರು ತಿಂಗಳಲ್ಲಿ ಗ್ಯಾರಂಟಿ ಗುಣ ಎಂದು ಹಣ ಕೇಳುವವರನ್ನು ನಂಬಬೇಡಿ. ಆದರೆ ತೊಂದರೆಯನ್ನು ಚೆನ್ನಾಗಿ ಹತೋಟಿಯಲ್ಲಿಡುವ, ಹಲವು ವರ್ಷ ನಡೆದಾಡಿ ದುಡಿದು ಉಣ್ಣಲು ಬಿಡುವ ಔಷಧಿ ಇದೆ. ಅದರ ಹೆಸರು ಲೆವೊಡೋಪ.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಮೆದುಳಿನಲ್ಲಿ ಡೋಪಮಿನ್ನಿನ ಪಾತ್ರವನ್ನು ತೋರಿಸಿಕೊಟ್ಟ. 2000ದಲ್ಲಿ ಅದಕ್ಕೆ ನೊಬೆಲ್ ಬಂತು. 1961ರಲ್ಲಿ ವಿಯೆನ್ನಾದ ವೈದ್ಯರು ರೋಗಿಗಳಿಗೆ ಲೆವೊಡೋಪ ಚುಚ್ಚುಮದ್ದು ಕೊಟ್ಟಾಗ, ಹಾಸಿಗೆ ಬಿಟ್ಟು ಏಳಲಾರದವರು ಸ್ವಲ್ಪ ಹೊತ್ತು ಎದ್ದು ನಡೆದರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಅದನ್ನು ಬಾಯಿಯಿಂದ, ಪ್ರಮಾಣ ಮೆಲ್ಲಗೆ ಏರಿಸುತ್ತ, ದಿನವೂ ಕೊಡುವ ದಾರಿ ತೋರಿಸಿದ. ಇಂದಿಗೂ ಇದಕ್ಕಿಂತ ಮೇಲಾದ ಮಾತ್ರೆ ಬಂದಿಲ್ಲ.

ನೇರವಾಗಿ ಡೋಪಮಿನ್ನನ್ನೇ ಏಕೆ ಕೊಡುವುದಿಲ್ಲ ಎಂದು ಕೇಳಬಹುದು. ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಒಂದು ಬಿಗಿ ಕಾವಲಿದೆ, ಡೋಪಮಿನ್ ಅದನ್ನು ದಾಟಲಾರದು. ನಗದನ್ನು ಅಂಚೆಯಲ್ಲಿ ಕಳಿಸಲಾಗದೆ ನಾವು ಡ್ರಾಫ್ಟು ಮಾಡಿಸುತ್ತಿದ್ದೆವಲ್ಲ, ಹಾಗೆ. ಲೆವೊಡೋಪ ಡ್ರಾಫ್ಟಿದ್ದಂತೆ. ಅದು ಕಾವಲು ದಾಟಿ ಮೆದುಳನ್ನು ಸೇರಿದ ಮೇಲೆ ಡೋಪಮಿನ್ ಎಂಬ ನಗದಾಗುತ್ತದೆ. ದಾರಿಯಲ್ಲೇ, ಹೊಟ್ಟೆ ರಕ್ತಗಳಲ್ಲೇ, ಅದು ನಗದಾಗಿ ಪೋಲಾಗದಂತೆ ಕಾರ್ಬಿಡೋಪ ಎಂಬ ಇನ್ನೊಂದನ್ನು ಅದೇ ಮಾತ್ರೆಯಲ್ಲಿ ಸೇರಿಸಿರುತ್ತಾರೆ. ಇದರಿಂದ ವಾಂತಿ ಬಂದಂತಾಗುವುದೂ ಕಡಿಮೆಯಾಗುತ್ತದೆ. ಈ ಜೋಡಿ ಮಾತ್ರೆ ನಮ್ಮ ದೇಶದ ಅತ್ಯಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಕಂಪನಿಯ ಹೆಸರಿನಲ್ಲಿ ದುಬಾರಿ ಎನಿಸಿದರೆ ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರು ಹೇಳಿ ವಿಚಾರಿಸಿ.

ನಮ್ಮ ಹಿತ್ತಲಿನ ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ನಿಮಗೆಲ್ಲ ಗೊತ್ತು. ಅದರ ಬೀಜದಲ್ಲಿ ಇದೇ ಲೆವೊಡೋಪ ಇದೆ ಎಂದು 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದರು. ಆಯುರ್ವೇದದವರು ಅದನ್ನು ಕಂಪವಾತಕ್ಕೆ ಬಳಸುತ್ತ ಬಂದಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಸುಳ್ಳಾಯಿತು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬೇರೆ. ಮಾತ್ರೆಯ ಜೊತೆಗೆ ಪುಡಿಯನ್ನೂ ತಿಂದರೆ ಲೆಕ್ಕ ಮೀರುತ್ತದೆ. ರಕ್ತದೊತ್ತಡ ಕುಸಿಯಬಹುದು, ಮೈ ಹುಚ್ಚಾಬಟ್ಟೆ ಆಡಬಹುದು, ಇಲ್ಲದ್ದು ಕಂಡಂತಾಗಬಹುದು. ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿಯೇ ತಿನ್ನಿ.

ಮಾತ್ರೆಯ ಶಿಸ್ತಿನ ಬಗ್ಗೆ ಐದು ಮಾತು.

ಮೊದಲನೆಯದು, ಗಡಿಯಾರ. ವೈದ್ಯರು ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ಐದು ಎಂದಿದ್ದರೆ ಅದೇ ಹೊತ್ತಿಗೆ ನುಂಗಬೇಕು. ಕಾಯಿಲೆ ಹಳತಾದಂತೆ ಅರ್ಧ ತಾಸು ತಡವಾದರೂ ಕೈಕಾಲು ನಿಂತುಬಿಡುತ್ತದೆ.

ಎರಡನೆಯದು, ಊಟ. ಬೇಳೆ, ಹಾಲು, ಮೊಟ್ಟೆ, ಮೀನು, ಮಾಂಸ ಇವುಗಳಲ್ಲಿನ ಪ್ರೋಟೀನು ಈ ಮಾತ್ರೆಯೊಡನೆ ಒಂದೇ ಬಾಗಿಲಲ್ಲಿ ನುಗ್ಗಾಡುತ್ತದೆ. ಆದ್ದರಿಂದ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನೀರಿನೊಡನೆ ನುಂಗುವುದು ಒಳ್ಳೆಯದು. ಹಾಲಿನೊಡನೆ ಬೇಡ. ಶುರುವಿನಲ್ಲಿ ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕೀಟು ತಿನ್ನಬಹುದು. ಪ್ರೋಟೀನು ತಿನ್ನುವುದನ್ನೇ ಬಿಡಬಾರದು, ಮೈ ಸೊರಗುತ್ತದೆ. ಹೊತ್ತು ಹೊಂದಿಸಿಕೊಂಡರೆ ಸಾಕು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಎರಡು ತಾಸಿನ ಅಂತರ ಇಡಲಿ.

ಮೂರನೆಯದು, ಒಮ್ಮೆಗೇ ನಿಲ್ಲಿಸಬಾರದು. ಜಾತ್ರೆಗೆಂದೋ ಮದುವೆಗೆಂದೋ ಊರಿಗೆ ಹೋಗಿ ಹದಿನೈದು ದಿನ ನಿಲ್ಲುವ ನಮ್ಮ ಜನಕ್ಕೆ ಇದು ಮುಖ್ಯ. ಹಳ್ಳಿಯ ಅಂಗಡಿಯಲ್ಲಿ ಈ ಮಾತ್ರೆ ಸಿಗದೆ ಹೋಗಬಹುದು. ಹಠಾತ್ತನೆ ನಿಂತರೆ ಮೈ ಮರದಂತೆ ಸೆಟೆದು, ಜ್ವರ ಏರಿ, ಎಚ್ಚರ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ಹತ್ತು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಂಡೇ ರೈಲು ಹತ್ತಿ. ಚೀಟಿಯ ಒಂದು ಪ್ರತಿ ಜೇಬಿನಲ್ಲಿರಲಿ. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದರೂ, ಆಪರೇಷನ್ ಆದರೂ ಈ ಮಾತ್ರೆಯ ಮಾತನ್ನು ಮೊದಲು ಹೇಳಿ.

ನಾಲ್ಕನೆಯದು, ವಾಂತಿ ಬಂದರೆ ಸಿಕ್ಕ ಮಾತ್ರೆ ನುಂಗಬಾರದು. ಮೇಲೆ ಹೇಳಿದ ಮೆಟೊಕ್ಲೊಪ್ರಮೈಡ್ ಈ ರೋಗಿಗಳಿಗೆ ಸಲ್ಲದು. ಯಾವುದು ಸಲ್ಲುತ್ತದೆ ಎಂದು ವೈದ್ಯರನ್ನೇ ಕೇಳಿ.

ಐದನೆಯದು, ದಿನಚರಿ. ಒಂದು ನೋಟುಬುಕ್ಕಿನಲ್ಲಿ ಮಾತ್ರೆ ನುಂಗಿದ ಹೊತ್ತು, ಕೈಕಾಲು ಸಡಿಲವಾದ ಹೊತ್ತು, ಮತ್ತೆ ಬಿಗಿದ ಹೊತ್ತು ಬರೆದಿಡಿ. ಕೆಲವು ವರ್ಷದ ಮೇಲೆ ಮಾತ್ರೆಯ ಪರಿಣಾಮ ಬೇಗ ಇಳಿಯತೊಡಗುತ್ತದೆ, ಕೆಲವರಿಗೆ ಮೈ ತಾನಾಗಿ ಹೊಯ್ದಾಡತೊಡಗುತ್ತದೆ. ಪ್ರಮಾಣ ಒಡೆದು ಹೊಂದಿಸಲು ವೈದ್ಯರಿಗೆ ಈ ಬರಹವೇ ಆಧಾರ.

ಬೇರೆ ಮಾತ್ರೆಗಳೂ ಇವೆ. ಟ್ರೈಹೆಕ್ಸಿಫೆನಿಡಿಲ್ ನಡುಕಕ್ಕೆ ಹಳೆಯ ಮಾತ್ರೆ, ಆದರೆ ವಯಸ್ಸಾದವರಿಗೆ ಮರೆವು, ಗೊಂದಲ ತರಬಹುದು. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಡೋಪಮಿನ್ನಿನಂತೆ ನಟಿಸುವ ಮಾತ್ರೆಗಳು. ಇವುಗಳಿಂದ ಕೆಲವರಿಗೆ ತಡೆಯಲಾರದ ಚಟ ಹತ್ತುತ್ತದೆ. ಒಂದು ದಿನವೂ ಇಸ್ಪೀಟು ಮುಟ್ಟದವರು ಮಟಕಾ, ಕ್ಯಾಸಿನೊ ಎಂದು ಹಣ ಸುರಿಯಬಹುದು. ಅದು ಗುಣಗೇಡಿತನವಲ್ಲ, ಔಷಧಿಯ ಪರಿಣಾಮ. ಗುಟ್ಟು ಮಾಡದೆ ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸುತ್ತಾರೆ.

ಮೆದುಳಿನೊಳಗೆ ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟು ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆಯೂ ಇದೆ. ಫ್ರಾನ್ಸಿನ ಬೆನಾಬಿದ್ 1987ರಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟ. ಲೆವೊಡೋಪಕ್ಕೆ ಚೆನ್ನಾಗಿ ಒಗ್ಗಿ, ಆದರೆ ದಿನದಲ್ಲಿ ಹಲವು ಸಲ ಏರಿಳಿತ ಆಗುವವರಿಗೆ ಇದರಿಂದ ಉಪಯೋಗ. ನೆನಪು ಕೆಟ್ಟವರಿಗೆ ಮಾಡುವುದಿಲ್ಲ. ಖರ್ಚು ಹಲವು ಲಕ್ಷ ರೂಪಾಯಿ. ಹೊಲ ಮಾರುವ ಮೊದಲು ಸರಕಾರಿ ಸಂಸ್ಥೆಯ ನರರೋಗ ತಜ್ಞರ ಅಭಿಪ್ರಾಯ ಕೇಳುವುದು ಜಾಣತನ.

ಮಾತ್ರೆಯಷ್ಟೇ ಮುಖ್ಯವಾದ, ದುಡ್ಡು ಬೇಡದ ಔಷಧಿ ವ್ಯಾಯಾಮ. ದಿನಾ ಅರ್ಧ ತಾಸು ಕೈ ಬೀಸಿ ನಡೆಯಬೇಕು. ದೊಡ್ಡ ಹೆಜ್ಜೆ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಡೆಯಬೇಕು. ದನಿ ತಗ್ಗಿದವರು ದಿನಾ ಪತ್ರಿಕೆಯನ್ನೋ ವಚನವನ್ನೋ ಪಕ್ಕದ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು.

ಈ ಕಾಯಿಲೆಯ ಒಂದು ವಿಚಿತ್ರವೆಂದರೆ, ಬಯಲಿನಲ್ಲಿ ನಡೆದವರ ಕಾಲು ಹೊಸ್ತಿಲ ಮುಂದೆ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಆಗ ಹಿಂದಿನಿಂದ ನೂಕಬೇಡಿ, ಕೈ ಹಿಡಿದು ಎಳೆಯಲೂ ಬೇಡಿ, ಬೀಳುತ್ತಾರೆ. ನಿಲ್ಲಲು ಬಿಡಿ. ‘ಒಂದು, ಎರಡು’ ಎಂದು ತಾಳ ಹಾಕಿ, ಭಜನೆಯ ತಾಳವಾದರೂ ಸರಿ. ಇಲ್ಲವೆ ಅವರ ಕಾಲಿನ ಮುಂದೆ ನಿಮ್ಮ ಪಾದವನ್ನು ಅಡ್ಡ ಇಟ್ಟು ದಾಟಲು ಹೇಳಿ. ಹೊಸ್ತಿಲ ಆಚೆ ಈಚೆ ನೆಲದ ಮೇಲೆ ಸುಣ್ಣದಿಂದ ಅಡ್ಡಗೆರೆ ಎಳೆದರೂ ಕಾಲು ಏಳುತ್ತದೆ. ತಾನಾಗಿ ನಡೆಯದ ಕಾಲು ಕಣ್ಣಿನ ಗುರುತಿಗೆ, ಕಿವಿಯ ತಾಳಕ್ಕೆ ಎದ್ದು ನಡೆಯುತ್ತದೆ.

ಮನೆಯಲ್ಲಿ ಹಾಸಿದ ಕೌದಿ, ಗೋಣಿತಟ್ಟು ಕಾಲಿಗೆ ತೊಡರದಂತೆ ತೆಗೆಯಿರಿ. ಇಲ್ಲಿಯ ಮಳೆಗಾಲದಲ್ಲಿ ಬಚ್ಚಲು, ಅಂಗಳ ಪಾಚಿಗಟ್ಟುತ್ತವೆ, ತಿಕ್ಕಿ ತೊಳೆಯಿರಿ. ಗೋಡೆಗೆ ಹಿಡಿಕೆ ಹಾಕಿಸಿ. ಮಲಗಿದಲ್ಲಿಂದ ಧಡಕ್ಕನೆ ಏಳಬಾರದು, ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಮಂಚದ ತುದಿಯಲ್ಲಿ ಎರಡು ನಿಮಿಷ ಕೂತು ಏಳಲಿ. ಗುಂಡಿಯ ಅಂಗಿಯ ಬದಲು ತಲೆಯಿಂದ ಹಾಕುವ ಬನಿಯನ್ನು ಸುಲಭ. ಉಣ್ಣುವಾಗ ಬೆನ್ನು ನೆಟ್ಟಗಿರಲಿ, ತುತ್ತು ಸಣ್ಣದಿರಲಿ. ಗಂಟಲಿಗೆ ಸಿಕ್ಕು ಮೇಲಿಂದ ಮೇಲೆ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಮಂಕು ಕವಿಯುವುದು ಈ ಕಾಯಿಲೆಯ ಒಂದು ಭಾಗವೇ, ಅದಕ್ಕೂ ಔಷಧಿ ಇದೆ. ಕೆಲವರಿಗೆ ತಡವಾಗಿ ಮರೆವು ಬರುತ್ತದೆ, ಇಲ್ಲದ ಮನುಷ್ಯರು ಕಾಣುತ್ತಾರೆ. ದೆವ್ವ ಬಡಿದಿದೆಯೆಂದು ಮಂತ್ರಿಸಲು ಒಯ್ಯಬೇಡಿ. ಮಾತ್ರೆಯ ಪ್ರಮಾಣ ಹೆಚ್ಚಾದರೂ ಹೀಗಾಗುತ್ತದೆ. ಆರೈಕೆ ಮಾಡುವ ಹೆಂಡತಿಗೋ ಮಗಳಿಗೋ ವಾರಕ್ಕೆ ಒಂದು ದಿನ ಬಿಡುವು ಕೊಡಿ, ಅವರೂ ಮನುಷ್ಯರೇ. ಮುಂಬಯಿಯಲ್ಲಿ 2001ರಲ್ಲಿ ಶುರುವಾದ ಪಾರ್ಕಿನ್ಸನ್ ರೋಗಿಗಳ ಸಂಸ್ಥೆ ರೋಗಿಗಳೂ ಮನೆಯವರೂ ಕೂಡಿ ಕಲಿಯುವ ಗುಂಪುಗಳನ್ನು ದೇಶದ ಹಲವು ಊರುಗಳಲ್ಲಿ ನಡೆಸುತ್ತ ಬಂದಿದೆ. ನಮ್ಮ ಕನ್ನಡ ಸಂಘದ ಕಟ್ಟೆಯ ಮೇಲೆ ನಾಲ್ಕು ಮನೆಯವರು ಸೇರಿ ತಾಳ ಹಾಕಿ ನಡೆದರೂ ಅದೇ ಕೆಲಸ ಆಗುತ್ತದೆ.

ಕೊನೆಯದಾಗಿ ಕಾಗದಪತ್ರದ ವಿಷಯ. ಸಹಿ ಮಾಡಲು ಆಗದವರ ಹಣ ಬ್ಯಾಂಕಿನಲ್ಲಿ ಸಿಕ್ಕಿಬೀಳಬೇಕಾಗಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ರಿಸರ್ವ್ ಬ್ಯಾಂಕಿನ ಸೂಚನೆ ಅವಕಾಶ ಕೊಡುತ್ತದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿ ಆಗಿರಬೇಕು. 70 ದಾಟಿದವರಿಗೆ, ದೀರ್ಘ ಕಾಯಿಲೆಯ ವೈದ್ಯ ಪ್ರಮಾಣಪತ್ರ ಇರುವ ಅಶಕ್ತರಿಗೆ ಮನೆಬಾಗಿಲಿಗೆ ಮೂಲ ಸೇವೆ ಕೊಡಬೇಕೆಂದು 2017ರಲ್ಲಿ ಬ್ಯಾಂಕುಗಳಿಗೆ ತಿಳಿಸಲಾಗಿದೆ. ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನು ಮನೆಯಲ್ಲೇ ಕೂತು ಸಲ್ಲಿಸುವ ಜೀವನ ಪ್ರಮಾಣ ವ್ಯವಸ್ಥೆ 2014ರಿಂದ ಇದೆ. ಇನ್ನೂ ಒಂದು, ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹೆಸರು ಸೇರಿದೆ. ತೊಂದರೆ ಹೆಚ್ಚಿದ್ದವರು ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೊಳಗಾಗಿ ಪ್ರಮಾಣಪತ್ರ ಪಡೆಯಬಹುದು. ಎಷ್ಟೋ ಸವಲತ್ತುಗಳಿಗೆ ಅದೇ ಬೀಗದ ಕೈ.

ಹೇಳಿದ್ದನ್ನು ಮೂರು ಮಾತಿನಲ್ಲಿ ಮತ್ತೆ ಹೇಳುತ್ತೇನೆ. ಮನೆಯ ಹಿರಿಯರ ಕೈ, ನಡೆ, ದನಿ, ಅಕ್ಷರ ಇವುಗಳಲ್ಲಿ ನಿಧಾನ ಕಂಡರೆ ವಯಸ್ಸೆಂದು ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಎಲ್ಲ ಮಾತ್ರೆಗಳ ಚೀಲ ಒಯ್ಯಿರಿ. ಔಷಧಿ ಶುರುವಾದ ಮೇಲೆ ಹೊತ್ತು ತಪ್ಪಿಸಬೇಡಿ, ಒಮ್ಮೆಗೇ ನಿಲ್ಲಿಸಬೇಡಿ. ಕೈ ನಡುಗುವವನನ್ನು ಕಂಡಾಗ “ಕುಡದಾನ” ಎನ್ನುವ ಮೊದಲು ಅವನನ್ನು ಕೂಡಿಸಿ, ಎಷ್ಟು ದಿನವಾಯಿತು ಎಂದು ಕೇಳಿ.